ಹಸುಗೂಸಿನ ಉಸಿರು: ಅಂಗಾತವೋ, ಬೋರಲೋ, ಮಗ್ಗುಲೋ?

ಅಗಡಿ (ಹಾವೇರಿ): ಬಾಣಂತಿಯ ಕೋಣೆಯಲ್ಲಿ ಒಂದು ಹಗಲು ಕಳೆಯುವುದರೊಳಗೆ ಕೂಸು ಎಷ್ಟು ಭಂಗಿಗಳನ್ನು ಕಾಣುತ್ತದೆ ಎಂದು ಎಣಿಸಿದವರು ವಿರಳ. ಬೆಳಿಗ್ಗೆ ಎರೆಯುವಾಗ ಅಜ್ಜಿಯ ಚಾಚಿದ ಕಾಲುಗಳ ಮೇಲೆ ಮೊದಲು ಅಂಗಾತ, ಆಮೇಲೆ ಬೋರಲು. ಎರೆದಾದ ಬಳಿಕ ಲೋಬಾನದ ಹೊಗೆ ತೋರಿಸಿ, ಕುಂಚಿಗೆ ಕಟ್ಟಿ, ಬಟ್ಟೆ ಸುತ್ತಿ ತೊಟ್ಟಿಲಿನಲ್ಲಿ ಅಂಗಾತ. ಹಾಲು ಕುಡಿಯುವಾಗ ತಾಯಿಯ ತೊಡೆಯ ಮೇಲೆ ಮಗ್ಗುಲು. ತೇಗು ಬರಿಸಲು ಹೆಗಲ ಮೇಲೆ ನೆಟ್ಟಗೆ. ತಾಯಿ ಹೊಲಮನೆ ಕೆಲಸಕ್ಕೆ ಇಳಿದ ಮೇಲೆ ತೊಲೆಗೋ ಮರದ ಕೊಂಬೆಗೋ ಕಟ್ಟಿದ ಸೀರೆಯ ಜೋಲಿಯಲ್ಲಿ ಬಿಲ್ಲಿನಂತೆ ಬಾಗಿ. ಈ ಒಂದೊಂದು ಭಂಗಿಯಲ್ಲಿಯೂ ಕೂಸಿನ ಉಸಿರಾಟ ಒಂದೊಂದು ಬಗೆಯಾಗಿರುತ್ತದೆ.

ಹಾವೇರಿ ತಾಲ್ಲೂಕಿನ ಅಗಡಿ, ಶೇಷಾಚಲ ಸದ್ಗುರುಗಳ ಆನಂದವನದಿಂದ ನಾಡಿಗೆ ಪರಿಚಿತವಾದ ಊರು. ಇಲ್ಲಿಯ ಬಾಣಂತನದ ಕ್ರಮ ಬ್ಯಾಡಗಿ, ರಾಣೆಬೆನ್ನೂರು ಸೀಮೆಯ ಕ್ರಮಕ್ಕಿಂತ ಹೆಚ್ಚು ಭಿನ್ನವಲ್ಲ. ಮೊಮ್ಮಗುವಿನ ಆರೈಕೆಗೆಂದು ಹುಬ್ಬಳ್ಳಿ, ಬೆಂಗಳೂರುಗಳ ಅಪಾರ್ಟ್‌ಮೆಂಟುಗಳಿಗೆ ಹೋಗುವ ಈ ಭಾಗದ ಅಜ್ಜಿಯರು ಅದೇ ಕ್ರಮವನ್ನು ಅಲ್ಲಿಗೂ ಕೊಂಡೊಯ್ಯುತ್ತಾರೆ. ಅಲ್ಲಿ ಮೊಬೈಲಿನಲ್ಲಿ ಓದಿದ ಮಗಳು ಒಂದು ಹೇಳುತ್ತಾಳೆ, ಹತ್ತು ಕೂಸುಗಳನ್ನು ಎರೆದ ತಾಯಿ ಇನ್ನೊಂದು ಹೇಳುತ್ತಾಳೆ.

ಗೊಂದಲಕ್ಕೆ ಇನ್ನೊಂದು ಕಾರಣವೂ ಇದೆ. ದಿನ ತುಂಬುವ ಮೊದಲೇ ಹುಟ್ಟಿದ ಶಿಶುವನ್ನು ತೀವ್ರ ನಿಗಾ ಘಟಕದಲ್ಲಿ ದಾದಿಯರು ಬೋರಲು ಮಲಗಿಸಿರುವುದನ್ನು ತಾಯಿ ಗಾಜಿನಾಚೆಯಿಂದ ಕಂಡಿರುತ್ತಾಳೆ. ಮನೆಗೆ ಕಳುಹಿಸುವ ದಿನ ಅದೇ ದಾದಿಯರು, ಯಾವ ಕಾರಣಕ್ಕೂ ಬೋರಲು ಮಲಗಿಸಬೇಡಿ, ಅಂಗಾತ ಮಾತ್ರ ಎಂದು ಹೇಳಿ ಕಳುಹಿಸುತ್ತಾರೆ. ಆಸ್ಪತ್ರೆಯಲ್ಲಿ ಹಿತವಾದ ಭಂಗಿ ಮನೆಯಲ್ಲಿ ಅಪಾಯಕರವಾಗುವುದು ಹೇಗೆ? ಎರಡು ಮಾತೂ ಸರಿ. ಅದು ಹೇಗೆಂದು ತಿಳಿಯಲು ಹಸುಗೂಸಿನ ಎದೆಗೂಡು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಮೊದಲು ನೋಡಬೇಕು.

ಮೆತ್ತನೆಯ ಗೂಡು

ದೊಡ್ಡವರ ಪಕ್ಕೆಲುಬುಗಳು ಹಿಂದಿನಿಂದ ಮುಂದಕ್ಕೆ ಇಳಿಜಾರಾಗಿವೆ. ಉಸಿರೆಳೆದಾಗ ಅವು ಬಕೆಟ್ಟಿನ ಹಿಡಿಯಂತೆ ಮೇಲೇಳುತ್ತವೆ, ಎದೆ ಹಿಗ್ಗುತ್ತದೆ. ನವಜಾತ ಶಿಶುವಿನ ಪಕ್ಕೆಲುಬುಗಳು ಬಹುಮಟ್ಟಿಗೆ ಅಡ್ಡಲಾಗಿರುತ್ತವೆ, ಮೇಲೇಳುವುದಕ್ಕೆ ಅವಕಾಶ ಕಡಿಮೆ. ಸಾಲದ್ದಕ್ಕೆ ಅವು ಇನ್ನೂ ಮೃದ್ವಸ್ಥಿಯೇ ಹೆಚ್ಚಾಗಿರುವ ಬಳುಕುವ ಎಲುಬುಗಳು. ಆದುದರಿಂದ ಉಸಿರಾಟದ ಭಾರವೆಲ್ಲ ಎದೆಗೂ ಹೊಟ್ಟೆಗೂ ನಡುವೆ ಇರುವ ವಪೆ ಎಂಬ ಸ್ನಾಯುವಿನ ಪದರದ ಮೇಲೆ ಬೀಳುತ್ತದೆ. ಕೂಸು ಉಸಿರಾಡುವಾಗ ಎದೆಗಿಂತ ಹೊಟ್ಟೆ ಹೆಚ್ಚು ಏರಿಳಿಯುವುದು ಇದೇ ಕಾರಣಕ್ಕೆ. ದೃಷ್ಟಿಯಾಯಿತೆಂದು ಗಾಬರಿಗೊಳ್ಳುವ ಅಗತ್ಯವಿಲ್ಲ.

ಆ ವಪೆಯೂ ಬೇಗ ದಣಿಯುವಂಥದ್ದು. ದಣಿವನ್ನು ತಾಳಿಕೊಳ್ಳುವ ಬಗೆಯ ಸ್ನಾಯುತಂತುಗಳು ದೊಡ್ಡವರ ವಪೆಯಲ್ಲಿ ಸುಮಾರು ಅರ್ಧದಷ್ಟಿದ್ದರೆ, ದಿನ ತುಂಬಿ ಹುಟ್ಟಿದ ಕೂಸಿನಲ್ಲಿ ಸುಮಾರು ಕಾಲು ಭಾಗ ಮಾತ್ರ. ದೇಹತೂಕದ ಪ್ರತಿ ಕಿಲೋಗೆ ಲೆಕ್ಕ ಹಾಕಿದರೆ ಕೂಸಿಗೆ ಬೇಕಾದ ಆಮ್ಲಜನಕ ದೊಡ್ಡವರಿಗೆ ಬೇಕಾದುದರ ಸರಿಸುಮಾರು ಇಮ್ಮಡಿ. ಖರ್ಚು ಹೆಚ್ಚು, ಕೂಡಿಟ್ಟದ್ದು ಕಡಿಮೆ. ಉಸಿರು ಬಿಟ್ಟ ಮೇಲೂ ದೊಡ್ಡವರ ಶ್ವಾಸಕೋಶದಲ್ಲಿ ಸಾಕಷ್ಟು ಗಾಳಿ ಉಳಿದಿರುತ್ತದೆ, ಗಟ್ಟಿ ಎದೆಗೂಡು ಅದನ್ನು ಹಿಡಿದಿಟ್ಟಿರುತ್ತದೆ. ಕೂಸಿನ ಮೆತ್ತನೆಯ ಗೂಡಿಗೆ ಆ ಶಕ್ತಿಯಿಲ್ಲ. ಬದಲಿಗೆ ಅದು ಒಂದು ಉಪಾಯ ಮಾಡುತ್ತದೆ. ಹೊರಹೋಗುವ ಗಾಳಿಗೆ ಗಂಟಲ ಬಳಿ ಕೊಂಚ ತಡೆಯೊಡ್ಡಿ, ಅದು ಪೂರ್ತಿ ಹೋಗುವ ಮೊದಲೇ ಮುಂದಿನ ಉಸಿರೆಳೆದುಕೊಳ್ಳುತ್ತದೆ. ದೊಡ್ಡವರು ನಿಮಿಷಕ್ಕೆ 12ರಿಂದ 20 ಬಾರಿ ಉಸಿರಾಡಿದರೆ ಕೂಸು 30ರಿಂದ 60 ಬಾರಿ ಉಸಿರಾಡುವುದರಲ್ಲಿ ಈ ಉಪಾಯದ ಪಾಲೂ ಇದೆ.

ನಿದ್ರೆಯಲ್ಲಿ ಸಂಗತಿ ಇನ್ನಷ್ಟು ಸೂಕ್ಷ್ಮ. ಹಸುಗೂಸಿನ ನಿದ್ರೆಯ ಸುಮಾರು ಅರ್ಧ ಭಾಗ ರೆಪ್ಪೆ ಅದುರುವ, ತುಟಿಯಂಚಿನಲ್ಲಿ ನಗು ಮೂಡುವ ಚಂಚಲ ನಿದ್ರೆ. ದೇವರು ನಗಿಸುತ್ತಾನೆ ಎಂದು ಮನೆಮಂದಿ ಸಂತೋಷಪಡುವ ಆ ಗಳಿಗೆಯಲ್ಲಿ ಪಕ್ಕೆಲುಬುಗಳ ನಡುವಣ ಸ್ನಾಯುಗಳು ಸಡಿಲಗೊಂಡಿರುತ್ತವೆ. ವಪೆ ಕೆಳಗೆ ಎಳೆದಾಗ ಎದೆಗೂಡು ಹಿಗ್ಗುವ ಬದಲು ತುಸು ಒಳಕ್ಕೇ ಸರಿಯುತ್ತದೆ. ಉಸಿರಾಟದ ಲಯ ತಪ್ಪುತ್ತದೆ. ನಾಲ್ಕಾರು ಉಸಿರು ಬಿರುಸಾಗಿ, ನಂತರ 5ರಿಂದ 10 ಸೆಕೆಂಡು ವಿರಾಮ, ಮತ್ತೆ ಉಸಿರು. ಆರೋಗ್ಯವಂತ ಶಿಶುಗಳಲ್ಲಿ ಇದು ಸಹಜ. ವಿರಾಮ 20 ಸೆಕೆಂಡಿಗೆ ಮುಟ್ಟಿದರೆ, ಅಥವಾ ಅದಕ್ಕಿಂತ ಕಡಿಮೆಯಿದ್ದರೂ ಕೂಸು ನೀಲಿಗಟ್ಟಿದರೆ, ಸೋತು ಬಿದ್ದರೆ ಅದು ಸಹಜವಲ್ಲ.

ಇನ್ನು ತಲೆ. ಹುಟ್ಟಿದ ಕೂಸಿನ ಒಟ್ಟು ಉದ್ದದ ಕಾಲು ಭಾಗ ತಲೆಯೇ. ಹಿಂದಲೆ ಉಬ್ಬಿರುವುದರಿಂದ ಅಂಗಾತ ಮಲಗಿಸಿದಾಗ ಕುತ್ತಿಗೆ ತಾನಾಗಿಯೇ ಎದೆಯ ಕಡೆಗೆ ಬಾಗುವ ಪ್ರವೃತ್ತಿ ಇರುತ್ತದೆ. ಶ್ವಾಸನಾಳ ಕಿರುಬೆರಳಿಗಿಂತ ಸಪೂರ, ಅದರ ಗೋಡೆ ಮೆದು. ಗದ್ದ ಎದೆಗೆ ತಾಗಿದರೆ ಅದು ಮಡಚಿದ ರಬ್ಬರ್ ಕೊಳವೆಯಂತಾಗುತ್ತದೆ. ಹುಟ್ಟಿದೊಡನೆ ಅಳದ ಕೂಸಿಗೆ ಉಸಿರು ಹಿಡಿಸುವ ತರಬೇತಿಯಲ್ಲಿ ಮೊಟ್ಟಮೊದಲು ಕಲಿಸುವ ವಿದ್ಯೆಯೂ ಭಂಗಿಯದೇ. ಹೆಗಲ ಕೆಳಗೆ ಮಡಚಿದ ಬಟ್ಟೆಯಿಟ್ಟು ಕುತ್ತಿಗೆಯನ್ನು ತುಸು ಮಾತ್ರ ಹಿಂದಕ್ಕೆ ಮಾಡಬೇಕು. ಹೆಚ್ಚು ಬಾಗಿದರೂ ದಾರಿ ಮುಚ್ಚುತ್ತದೆ, ಹೆಚ್ಚು ಚಾಚಿದರೂ ಮುಚ್ಚುತ್ತದೆ. 2009ರಲ್ಲಿ ಕೇಂದ್ರ ಆರಂಭಿಸಿದ ನವಜಾತ ಶಿಶು ಸುರಕ್ಷಾ ಕಾರ್ಯಕ್ರಮದಡಿ ಹೆರಿಗೆ ಕೋಣೆಯ ದಾದಿಯರು ಗೊಂಬೆಯ ಮೇಲೆ ಅಭ್ಯಾಸ ಮಾಡುವುದು ಇದನ್ನೇ. ಇದು ಹೆರಿಗೆ ಕೋಣೆಯ ವಿದ್ಯೆ. ಮನೆಯಲ್ಲಿ ಮಲಗುವ ಕೂಸಿಗೆ ಹೆಗಲ ಕೆಳಗೆ ಬಟ್ಟೆ ಇಡಲಾಗದು.

ಬೋರಲಿನ ಒಳಿತು, ಬೋರಲಿನ ಕೆಡುಕು

ಈಗ ದಾದಿಯರ ಎರಡು ಮಾತುಗಳಿಗೆ ಬರೋಣ. ಬೋರಲು ಮಲಗಿದಾಗ ಬಳುಕುವ ಎದೆಗೂಡಿಗೆ ಹಾಸಿಗೆಯೇ ಆಸರೆ. ಒಳಕ್ಕೆ ಸರಿಯುವ ಎದೆ ನಿಲ್ಲುತ್ತದೆ, ಎದೆ ಮತ್ತು ಹೊಟ್ಟೆಯ ಚಲನೆ ಒಂದಕ್ಕೊಂದು ಹೊಂದಿಕೊಳ್ಳುತ್ತದೆ, ಶ್ವಾಸಕೋಶದ ಹಿಂಭಾಗ ಬಿಚ್ಚಿಕೊಳ್ಳುತ್ತದೆ. ದಿನ ತುಂಬದೆ ಹುಟ್ಟಿ ಉಸಿರಾಟದ ತೊಂದರೆಯಲ್ಲಿರುವ ಶಿಶುವಿನ ರಕ್ತದಲ್ಲಿ ಆಮ್ಲಜನಕದ ಪ್ರಮಾಣ ಇದರಿಂದ ಅಲ್ಪಸ್ವಲ್ಪ ಏರುವುದು ಅನೇಕ ಅಧ್ಯಯನಗಳಲ್ಲಿ ಕಂಡುಬಂದಿದೆ. ನಿಗಾ ಘಟಕದಲ್ಲಿ ಕಾಲಿಗೆ ಸಂವೇದಕ ಕಟ್ಟಿರುತ್ತದೆ, ಉಸಿರು ನಿಂತರೆ ಯಂತ್ರ ಕೂಗುತ್ತದೆ, ಎರಡು ಹೆಜ್ಜೆ ದೂರದಲ್ಲಿ ದಾದಿ ಇರುತ್ತಾಳೆ.

ದಿನ ತುಂಬಿ ಹುಟ್ಟಿದ ಆರೋಗ್ಯವಂತ ಕೂಸಿಗೆ ಈ ಲಾಭ ಬಹುಮಟ್ಟಿಗೆ ಇಲ್ಲ. ಅಂಗಾತವಿದ್ದರೂ ಬೋರಲಿದ್ದರೂ ಅದರ ಆಮ್ಲಜನಕದ ಮಟ್ಟದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರದು. ಉಳಿಯುವುದು ಕೆಡುಕಿನ ಪಾಲು ಮಾತ್ರ. ಬೋರಲು ಮಲಗಿದ ಕೂಸು ಗಾಢವಾಗಿ, ದೀರ್ಘವಾಗಿ ನಿದ್ರಿಸುತ್ತದೆ. ರಾತ್ರಿಯೆಲ್ಲ ಎದ್ದು ಸೋತ ತಾಯಿಗೆ ಇದೇ ವರವೆನಿಸುವುದು ಸಹಜ. ಆದರೆ ಉಸಿರಿಗೆ ತೊಡಕಾದಾಗ ತಟ್ಟನೆ ಎಚ್ಚೆತ್ತು, ತಲೆ ಹೊರಳಿಸಿ, ಅತ್ತು ತನ್ನನ್ನು ತಾನು ಉಳಿಸಿಕೊಳ್ಳುವ ಶಕ್ತಿಯನ್ನು ಅದೇ ಗಾಢ ನಿದ್ರೆ ಕುಗ್ಗಿಸುತ್ತದೆ. ಮುಖ ಮೆತ್ತನೆಯ ಹಾಸಿನಲ್ಲಿ ಹುದುಗಿದರೆ ತಾನು ಬಿಟ್ಟ ಉಸಿರನ್ನೇ ತಾನು ಮತ್ತೆ ಎಳೆದುಕೊಳ್ಳುತ್ತದೆ. ಪ್ರತಿ ಉಸಿರಿಗೂ ಇಂಗಾಲದ ಡೈಆಕ್ಸೈಡು ಹೆಚ್ಚುತ್ತದೆ, ಆಮ್ಲಜನಕ ಇಳಿಯುತ್ತದೆ. ಮೈಯ ಶಾಖ ಹೊರಹೋಗಲು ಮುಖ್ಯ ದಾರಿಯಾದ ಮುಖವೇ ಮುಚ್ಚಿಹೋಗುವುದರಿಂದ ಮೈ ಕಾಯುತ್ತದೆ.

ಹತ್ತಿ ತುಂಬಿದ ಹಾಸಿಗೆಯೂ ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದ ಕೌದಿಯೂ ಬಾಣಂತಿಯ ಮನೆಯ ಹೆಮ್ಮೆ. ನಾಲ್ಕು ಮಡಿಕೆಯ ಕೌದಿಯ ಮೇಲೆ ಬೋರಲು ಬಿದ್ದ ಹದಿನೈದು ದಿನದ ಕೂಸಿಗೆ ಮುಖವನ್ನು ಎತ್ತಿ ಹಿಡಿದುಕೊಳ್ಳುವ ಬಲವಿಲ್ಲ.

ಹಾಲು ಕಕ್ಕುವ ಭಯ

ಅಂಗಾತ ಮಲಗಿಸಲು ಹಿಂಜರಿಯುವವರು ಕೊಡುವ ಮುಖ್ಯ ಕಾರಣ ಒಂದೇ: ಹಾಲು ಕಕ್ಕಿದರೆ ಗಂಟಲಿಗೆ ಸಿಕ್ಕೀತು. ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ದೇಹದ ರಚನೆ ಮಾತ್ರ ಇದಕ್ಕೆ ವಿರುದ್ಧವಾಗಿದೆ. ಶ್ವಾಸನಾಳ ಮುಂದೆ, ಅನ್ನನಾಳ ಅದರ ಹಿಂದೆ. ಅಂಗಾತ ಮಲಗಿದಾಗ ಶ್ವಾಸನಾಳ ಮೇಲಿರುತ್ತದೆ, ಅನ್ನನಾಳ ಕೆಳಗಿರುತ್ತದೆ. ಉಕ್ಕಿಬಂದ ಹಾಲು ಉಸಿರಿನ ದಾರಿಗೆ ಹೋಗಬೇಕಾದರೆ ಮೇಲಕ್ಕೆ ಹತ್ತಬೇಕು. ಬೋರಲು ಮಲಗಿದಾಗ ಎಲ್ಲ ತಿರುಗುಮುರುಗು. ಅನ್ನನಾಳದಿಂದ ಬಂದ ಹಾಲು ಶ್ವಾಸನಾಳದ ಬಾಯಿಯ ಬಳಿಯೇ ಬಂದು ನಿಲ್ಲುತ್ತದೆ. ಇದಲ್ಲದೆ ನುಂಗುವ, ಕೆಮ್ಮುವ ಪ್ರತಿಕ್ರಿಯೆಗಳು ಆರೋಗ್ಯವಂತ ಕೂಸಿನಲ್ಲಿ ಹುಟ್ಟಿನಿಂದಲೇ ಇರುತ್ತವೆ. ಹಾಲು ಕುಡಿಸಿದ ಮೇಲೆ ಹೆಗಲ ಮೇಲೆ ಹತ್ತು ಹದಿನೈದು ನಿಮಿಷ ನೆಟ್ಟಗೆ ಹಿಡಿದು ತೇಗು ಬರಿಸಿ ನಂತರ ಅಂಗಾತ ಮಲಗಿಸುವ ನಮ್ಮ ಮನೆಗಳ ಪದ್ಧತಿಯಲ್ಲಿ ತಿದ್ದುವಂಥದ್ದೇನೂ ಇಲ್ಲ.

ತಿದ್ದಬೇಕಾದದ್ದು ಬೇರೆಡೆ ಇದೆ. ಕೂಸನ್ನು ಅಂಗಾತ ಒತ್ತಿ ಹಿಡಿದು, ಮೂಗು ಹಿಸುಕಿ, ಒಳಲೆಯಿಂದ ಔಷಧವನ್ನೋ ಹರಳೆಣ್ಣೆಯನ್ನೋ ಬಾಯಿಗೆ ಸುರಿಯುವ ರೂಢಿ ಇನ್ನೂ ಕೆಲವೆಡೆ ಉಳಿದಿದೆ. ಅಳುತ್ತಿರುವ ಕೂಸು ಉಸಿರೆಳೆದ ಕ್ಷಣದಲ್ಲಿ ಸುರಿದದ್ದು ಶ್ವಾಸಕೋಶಕ್ಕೇ ಇಳಿಯಬಹುದು. ಮೂಗಿಗೆ ಎಣ್ಣೆ ಬಿಡುವುದೂ ಅಷ್ಟೇ. ಎಣ್ಣೆಗೆ ಕೆಮ್ಮು ಬೇಗ ಏಳುವುದಿಲ್ಲ, ಸದ್ದಿಲ್ಲದೆ ಇಳಿದು ನ್ಯುಮೋನಿಯಾ ತರುತ್ತದೆ. ದಕ್ಷಿಣ ಭಾರತದ ಮಕ್ಕಳ ವೈದ್ಯರು ಇಂಥ ಪ್ರಕರಣಗಳನ್ನು ಎಷ್ಟೋ ದಶಕಗಳ ಹಿಂದೆಯೇ ದಾಖಲಿಸಿದ್ದಾರೆ. ಒಳಲೆಯ ದೋಷ ಇದರಲ್ಲಿಲ್ಲ. ಎದೆ ಚೀಪಲಾಗದ ಸಣ್ಣ ಕೂಸಿಗೆ ತಾಯಿಯ ಹಾಲನ್ನು ತಲೆ ಎತ್ತಿ ಹಿಡಿದು, ಗುಟುಕು ಗುಟುಕಾಗಿ, ಅದು ನುಂಗುವವರೆಗೆ ಕಾದು ಕೊಡಲು ಅದಕ್ಕಿಂತ ಒಳ್ಳೆಯ ಸಾಧನ ಕಡಿಮೆ.

ಪಶ್ಚಿಮ ದೇಶಗಳು ತೆತ್ತ ಬೆಲೆ

ಬೋರಲು ಮಲಗಿಸುವುದು ನಮ್ಮ ಅಜ್ಜಿಯರ ರೂಢಿಯಾಗಿರಲಿಲ್ಲ. ಅದು ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಪಶ್ಚಿಮದ ವೈದ್ಯರೇ ಹೇಳಿಕೊಟ್ಟ ಪಾಠ. ಅಮೆರಿಕದ ಮಕ್ಕಳ ವೈದ್ಯ ಬೆಂಜಮಿನ್ ಸ್ಪಾಕ್ ಅವರ ಶಿಶುಪಾಲನೆಯ ಪುಸ್ತಕ ಜಗತ್ತಿನಾದ್ಯಂತ ಮನೆಮಾತಾಗಿತ್ತು. 1950ರ ದಶಕದ ಉತ್ತರಾರ್ಧದ ಆವೃತ್ತಿಯಿಂದ ಅದು ಬೋರಲು ಮಲಗಿಸುವುದೇ ಮೇಲೆಂದು ಸಲಹೆ ಮಾಡಿತು. ಕಕ್ಕಿದ ಹಾಲು ಗಂಟಲಿಗೆ ಸಿಕ್ಕುವ ಅದೇ ಭಯ ಅಲ್ಲಿಯೂ ಕಾರಣ. ರಾತ್ರಿ ಚೆನ್ನಾಗಿ ಮಲಗಿದ್ದ, ಯಾವ ಕಾಯಿಲೆಯೂ ಇರದ ಕೂಸು ಬೆಳಗಾಗುವುದರೊಳಗೆ ಸತ್ತಿರುವುದು ಆ ದೇಶಗಳಲ್ಲಿ ಒಂದು ಬಿಡಿಸಲಾಗದ ಒಗಟಾಯಿತು. ತೊಟ್ಟಿಲ ಸಾವು ಎಂದೂ ಹಠಾತ್ ಶಿಶುಮರಣ ಎಂದೂ ಅದಕ್ಕೆ ಹೆಸರಾಯಿತು.

ಒಗಟಿನ ಒಂದು ಎಳೆ ಸಿಕ್ಕಿದ್ದು ಏಷ್ಯಾದಿಂದ. 1985ರಲ್ಲಿ ಹಾಂಗ್‌ಕಾಂಗ್‌ನಿಂದ ಪ್ರಕಟವಾದ ವರದಿಯೊಂದು ಅಲ್ಲಿ ತೊಟ್ಟಿಲ ಸಾವು ಅಪರೂಪವೆಂದೂ ಅಲ್ಲಿಯ ಚೀನೀ ಕುಟುಂಬಗಳು ಕೂಸನ್ನು ಅಂಗಾತ ಮಲಗಿಸುತ್ತವೆಯೆಂದೂ ಗಮನ ಸೆಳೆಯಿತು. ಬ್ರಿಟನ್ನಿನಲ್ಲಿ ನೆಲೆಸಿದ ದಕ್ಷಿಣ ಏಷ್ಯಾ ಮೂಲದ ಕುಟುಂಬಗಳಲ್ಲಿಯೂ ಇಂಥ ಸಾವು ಕಡಿಮೆಯೆಂದು ನಂತರ ಕಂಡುಬಂತು. 1987ರಲ್ಲಿ ನೆದರ್‌ಲೆಂಡ್ಸ್ ಬೋರಲಿನ ವಿರುದ್ಧ ಪ್ರಚಾರ ಆರಂಭಿಸಿತು. 1991ರಲ್ಲಿ ಬ್ರಿಟನ್, 1994ರಲ್ಲಿ ಅಮೆರಿಕ ಅದೇ ದಾರಿ ಹಿಡಿದವು. ಅಮೆರಿಕದಲ್ಲಿ 1992ರಲ್ಲಿ ಸುಮಾರು ಶೇ 70ರಷ್ಟು ಕೂಸುಗಳು ಬೋರಲು ಮಲಗುತ್ತಿದ್ದವು. ಆಗ ಸಾವಿರ ಜೀವಂತ ಜನನಗಳಿಗೆ 1.2ರಷ್ಟಿದ್ದ ಹಠಾತ್ ಶಿಶುಮರಣ 2001ರ ವೇಳೆಗೆ 0.56ಕ್ಕೆ ಇಳಿಯಿತು. ಹೊಸ ಔಷಧವಿಲ್ಲ, ಯಂತ್ರವಿಲ್ಲ, ಲಸಿಕೆಯಿಲ್ಲ. ಕೂಸನ್ನು ತಿರುಗಿಸಿ ಮಲಗಿಸಿದ್ದಷ್ಟೇ ಬದಲಾವಣೆ.

2005ರಲ್ಲಿ ಲಂಡನ್ನಿನ ರೂತ್ ಗಿಲ್ಬರ್ಟ್ ಮತ್ತು ಸಂಗಡಿಗರು ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ಲೆಕ್ಕ ಹಾಕಿದರು. ಬೋರಲು ಅಪಾಯಕರ ಎನ್ನಲು ಬೇಕಾದ ಪುರಾವೆ 1970ರಲ್ಲಿಯೇ ಲಭ್ಯವಿತ್ತು. ಆಗಲೇ ಅದನ್ನು ಕ್ರಮವಾಗಿ ಪರಿಶೀಲಿಸಿದ್ದರೆ ಬ್ರಿಟನ್ನಿನಲ್ಲಿ 10,000ಕ್ಕೂ ಹೆಚ್ಚು, ಯೂರೋಪು, ಅಮೆರಿಕ, ಆಸ್ಟ್ರೇಲಿಯಾ ಸೀಮೆಗಳಲ್ಲಿ ಕನಿಷ್ಠ 50,000 ಶಿಶುಗಳ ಸಾವನ್ನು ತಪ್ಪಿಸಬಹುದಿತ್ತು ಎಂಬುದು ಅವರ ತೀರ್ಮಾನ. ಈ ಲೇಖನ ಬರೆಯಲು ಓದಿದ ಸಂಗತಿಗಳಲ್ಲಿ ಇದಕ್ಕಿಂತ ಭಾರವಾದ ವಾಕ್ಯ ವರದಿಗಾರನಿಗೆ ಸಿಕ್ಕಲಿಲ್ಲ.

ಇಂಥ ಸಾವುಗಳಲ್ಲಿ ಸುಮಾರು ಶೇ 90ರಷ್ಟು ಆರು ತಿಂಗಳೊಳಗೆ ಸಂಭವಿಸುತ್ತವೆ. ಒಂದರಿಂದ ನಾಲ್ಕು ತಿಂಗಳ ನಡುವೆ ಅಪಾಯ ಹೆಚ್ಚು. ಅಂದರೆ ಬಾಣಂತಿ ತವರಿನಿಂದ ಗಂಡನ ಮನೆಗೆ ಮರಳುವ, ಎರೆಯುವ ಕೈ ಬದಲಾಗುವ, ಕೆಲಸಕ್ಕೆ ಹೋಗುವವರು ರಜೆ ಮುಗಿಸುವ ಕಾಲ. ಮೊದಲ ತಿಂಗಳಲ್ಲಿ ಬಿದ್ದ ರೂಢಿಯೇ ಆಗಲೂ ಮುಂದುವರಿಯುತ್ತದೆ. ನಮ್ಮಲ್ಲಿ ಮನೆಯಲ್ಲಿ ತೀರಿಕೊಂಡ ಹಸುಗೂಸಿನ ಮರಣೋತ್ತರ ಪರೀಕ್ಷೆ ನಡೆಯುವುದು ವಿರಳ. ಹಾಲು ನೆತ್ತಿಗೇರಿತು, ಗಾಳಿ ಸೋಕಿತು ಎಂಬ ಮಾತಿನಲ್ಲಿಯೇ ಎಷ್ಟೋ ಸಾವುಗಳು ಮುಗಿದುಹೋಗುತ್ತವೆ.

ಮಗ್ಗುಲು ನಡುದಾರಿಯಲ್ಲ

ಅಂಗಾತವೂ ಬೇಡ, ಬೋರಲೂ ಬೇಡ, ಮಗ್ಗುಲು ಮಲಗಿಸಿ ಬೆನ್ನಿಗೊಂದು ದಿಂಬು ಕೊಟ್ಟರಾಯಿತು ಎನ್ನುವವರಿದ್ದಾರೆ. ಮೊದಮೊದಲು ವೈದ್ಯರೂ ಇದನ್ನು ಒಪ್ಪಿದ್ದರು. ಮಗ್ಗುಲು ಎಂಬುದು ಹಸುಗೂಸಿಗೆ ನಿಲ್ಲುವ ಭಂಗಿಯಲ್ಲ, ಅದು ಅಲ್ಲಿಂದ ಬೋರಲಿಗೆ ಸುಲಭವಾಗಿ ಉರುಳುತ್ತದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2005ರಲ್ಲಿ ಮಗ್ಗುಲನ್ನೂ ಸಲಹೆಯಿಂದ ಕೈಬಿಟ್ಟಿತು. ಬೆನ್ನಿಗೆ ಕೊಟ್ಟ ದಿಂಬೇ ಮುಖಕ್ಕೆ ಅಡ್ಡವಾಗುವ ಸಾಧ್ಯತೆ ಬೇರೆ.

ಮಗ್ಗುಲಿನಲ್ಲಿ ಒಂದು ಕುತೂಹಲದ ಸಂಗತಿಯಿದೆ. ಒಂದು ಕಡೆಯ ಶ್ವಾಸಕೋಶಕ್ಕೆ ರೋಗ ಬಂದ ದೊಡ್ಡವರನ್ನು ಆರೋಗ್ಯವಾಗಿರುವ ಕಡೆ ಕೆಳಗೆ ಬರುವಂತೆ ಮಲಗಿಸಿದರೆ ಆಮ್ಲಜನಕ ಹೆಚ್ಚುತ್ತದೆ. ಹಸುಗೂಸುಗಳಲ್ಲಿ ಇದು ಉಲ್ಟಾ: ಆರೋಗ್ಯವಾಗಿರುವ ಕಡೆ ಮೇಲಿರಬೇಕು. ಅವುಗಳ ಮೆತ್ತನೆಯ ಎದೆಗೂಡು ಭಾರಕ್ಕೆ ಕುಗ್ಗುವುದರಿಂದ ಕೆಳಗಿನ ಶ್ವಾಸಕೋಶಕ್ಕಿಂತ ಮೇಲಿನದಕ್ಕೇ ಗಾಳಿ ಹೆಚ್ಚು ಸೇರುತ್ತದೆ. 1983ರಲ್ಲಿ ಬ್ರಿಟನ್ನಿನ ವೈದ್ಯರು ಇದನ್ನು ತೋರಿಸಿಕೊಟ್ಟರು. ಕೂಸು ಎಂದರೆ ಸಣ್ಣ ಗಾತ್ರದ ದೊಡ್ಡ ಮನುಷ್ಯನಲ್ಲ ಎನ್ನಲು ಮಕ್ಕಳ ವೈದ್ಯರು ಕೊಡುವ ಉದಾಹರಣೆಗಳಲ್ಲಿ ಇದೂ ಒಂದು.

ಜೋಲಿ, ಕಾರಿನ ಆಸನ, ಹೆಗಲ ಚೀಲ

ಬೋರಲಿನಷ್ಟು ಪ್ರಚಾರ ಸಿಗದ, ಆದರೆ ಅಷ್ಟೇ ಎಚ್ಚರಿಕೆ ಬೇಡುವ ಭಂಗಿಯೆಂದರೆ ಅರೆ ಕುಳಿತ ಭಂಗಿ. ಬೆನ್ನು ಬಾಗಿ ಗದ್ದ ಎದೆಗೆ ತಾಗಿದಾಗ ಎರಡು ಕಡೆಯಿಂದ ತೊಂದರೆ: ಮೇಲೆ ಶ್ವಾಸನಾಳ ಮಡಚುತ್ತದೆ, ಕೆಳಗೆ ಹೊಟ್ಟೆ ಒತ್ತಿ ವಪೆಗೆ ಇಳಿಯಲು ಜಾಗ ಸಾಲದು. ಈ ಉಸಿರುಗಟ್ಟುವಿಕೆಗೆ ಸದ್ದಿರುವುದಿಲ್ಲ. ಕೂಸು ಒದ್ದಾಡುವುದಿಲ್ಲ, ಅಳುವುದಿಲ್ಲ. ನೋಡುವವರಿಗೆ ಸುಖವಾಗಿ ಮಲಗಿದಂತೆಯೇ ಕಾಣುತ್ತದೆ.

ಪೂರ್ಣ ಆರೋಗ್ಯವಂತ ಶಿಶುಗಳಲ್ಲಿಯೂ ಇದನ್ನು ಅಳೆದು ನೋಡಿದ್ದಾರೆ. ಸ್ಲೊವೇನಿಯಾದಲ್ಲಿ ದಿನ ತುಂಬಿ ಹುಟ್ಟಿದ 200 ಕೂಸುಗಳನ್ನು ಆಸ್ಪತ್ರೆಯ ತೊಟ್ಟಿಲಿನಲ್ಲಿಯೂ ಕಾರಿನ ಶಿಶು ಆಸನದಲ್ಲಿಯೂ ಮಲಗಿಸಿ ನೋಡಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಸಮತಟ್ಟಾದ ತೊಟ್ಟಿಲಿನಲ್ಲಿ ಇದ್ದುದಕ್ಕಿಂತ ಆಸನದಲ್ಲಿ ರಕ್ತದ ಆಮ್ಲಜನಕದ ಸರಾಸರಿ ಮಟ್ಟ ಶೇಕಡಾ ಎರಡರಷ್ಟು ಕಡಿಮೆಯಿತ್ತು. ಸರಾಸರಿಯ ಲೆಕ್ಕದಲ್ಲಿ ಇದು ಸಣ್ಣ ಸಂಖ್ಯೆ, ಕೆಲವು ಕೂಸುಗಳಲ್ಲಿ ಮಾತ್ರ ಇಳಿತ ಹೆಚ್ಚಾಗಿತ್ತು. ಕಾರಿನ ಆಸನ ಅಪಘಾತದಿಂದ ಪ್ರಾಣ ಉಳಿಸುವ ಸಾಧನ, ಪ್ರಯಾಣದಲ್ಲಿ ಅದನ್ನು ಬಿಡುವಂತಿಲ್ಲ. ಮನೆ ತಲುಪಿದ ಮೇಲೆ, ಮಲಗಿದೆಯಲ್ಲ, ಎಬ್ಬಿಸುವುದೇಕೆ ಎಂದು ಆಸನದಲ್ಲಿಯೇ ಬಿಡುವುದು ತಪ್ಪು. ಬೆಂಗಳೂರಿನಿಂದ ರಾಷ್ಟ್ರೀಯ ಹೆದ್ದಾರಿ 48 ಹಿಡಿದು ಹಾವೇರಿಯವರೆಗೆ ಐದಾರು ತಾಸು ಬರುವವರು ದಾರಿಯಲ್ಲಿ ಆಗಾಗ ನಿಲ್ಲಿಸಿ ಕೂಸನ್ನು ಎತ್ತಿಕೊಳ್ಳಬೇಕು, ಒಬ್ಬರು ಹಿಂದಿನ ಸೀಟಿನಲ್ಲಿ ಅದರ ಪಕ್ಕ ಕೂರಬೇಕು.

ಇಳಿಜಾರಾದ ಮಲಗುವ ಸಾಧನಗಳ ಕಥೆ ಇನ್ನೂ ಕಹಿಯಾದದ್ದು. ಕೂಸನ್ನು ಅಂಗಾತವಾಗಿಯೇ, ಆದರೆ ತಲೆಯ ಕಡೆ ಎತ್ತರವಾಗಿ ಮಲಗಿಸುವ ಒಂದು ಜನಪ್ರಿಯ ಸಾಧನವನ್ನು 30ಕ್ಕೂ ಹೆಚ್ಚು ಶಿಶುಗಳ ಸಾವಿನ ನಂತರ ಅಮೆರಿಕದಲ್ಲಿ 2019ರಲ್ಲಿ ಹಿಂಪಡೆಯಲಾಯಿತು. ಹಿಂಪಡೆದವುಗಳ ಸಂಖ್ಯೆ ಸುಮಾರು 47 ಲಕ್ಷ. 10 ಡಿಗ್ರಿಗಿಂತ ಹೆಚ್ಚು ಇಳಿಜಾರಿರುವ ಶಿಶುಶಯ್ಯೆಗಳ ತಯಾರಿಕೆ ಮತ್ತು ಮಾರಾಟವನ್ನು ಆ ದೇಶ 2022ರಲ್ಲಿ ಕಾನೂನಿನ ಮೂಲಕವೇ ನಿಷೇಧಿಸಿತು.

ನಮ್ಮ ಸೀರೆಯ ಜೋಲಿಯನ್ನು ಈ ಬೆಳಕಿನಲ್ಲಿ ನೋಡಬೇಕಾಗಿದೆ. ಹೊಲದ ಬದುವಿನಲ್ಲಿ ಹಾವು, ಇರುವೆ, ನಾಯಿಗಳಿಂದ ಕೂಸನ್ನು ಎತ್ತರದಲ್ಲಿಡುವ ಜೋಲಿಗೆ ಬದಲಿ ಸುಲಭವಾಗಿ ಸಿಗದು. ಅದನ್ನು ಕಟ್ಟುವ ತಾಯಂದಿರನ್ನು ದೂಷಿಸುವುದು ನ್ಯಾಯವಲ್ಲ. ಆದರೆ ಬಟ್ಟೆ ಆಳವಾಗಿ ಜೋತಷ್ಟೂ ಕೂಸು ಬಿಲ್ಲಿನಂತೆ ಬಾಗುತ್ತದೆ, ಗದ್ದ ಎದೆಗೆ ತಾಗುತ್ತದೆ, ಎರಡು ಅಂಚುಗಳು ಮುಖದ ಮೇಲೆ ಕೂಡಿಕೊಳ್ಳುತ್ತವೆ. ಅಂಚುಗಳನ್ನು ಅಗಲಿಸುವಂತೆ ಅಡ್ಡಕೋಲು ಕೊಟ್ಟು, ಬಟ್ಟೆಯನ್ನು ಬಿಗಿಯಾಗಿ ಕಟ್ಟಿ, ಮುಖ ಕಾಣುವಂತೆ ಇರಿಸಿ, ಕಣ್ಣಳತೆಯಲ್ಲಿಯೇ ಇಟ್ಟುಕೊಂಡರೆ ಅಪಾಯ ತಗ್ಗುತ್ತದೆ. ಮೊದಲ ಮೂರು ನಾಲ್ಕು ತಿಂಗಳು ಮನೆಯೊಳಗೆ ದೀರ್ಘ ನಿದ್ರೆಗೆ ಮರದ ತೊಟ್ಟಿಲು ಅಥವಾ ನೆಲದ ಮೇಲಿನ ಗಟ್ಟಿ ಹಾಸೇ ಲೇಸು. ನಗರದ ತಂದೆತಾಯಿಗಳು ಹೆಗಲಿಗೆ ಕಟ್ಟಿಕೊಳ್ಳುವ ಬಟ್ಟೆಯ ಚೀಲಕ್ಕೂ ಇದೇ ಮಾತು ಅನ್ವಯ. ಕೂಸಿನ ಮುಖ ಕಾಣುತ್ತಿರಬೇಕು, ಹಣೆಗೆ ಮುತ್ತು ಕೊಡುವಷ್ಟು ಎತ್ತರದಲ್ಲಿರಬೇಕು, ಗದ್ದಕ್ಕೂ ಎದೆಗೂ ನಡುವೆ ಒಂದು ಬೆರಳು ತೂರುವಷ್ಟಾದರೂ ಅಂತರವಿರಬೇಕು.

ಎದೆಗವಚಿಕೊಂಡ ಬೋರಲು

ಬೋರಲಿನ ಮಾತಿಗೆ ಒಂದು ಮುಖ್ಯ ಅಪವಾದವಿದೆ. ಕಾಂಗರೂ ಆರೈಕೆಯಲ್ಲಿ ಕೂಸು ತಾಯಿಯ ಬರಿ ಎದೆಯ ಮೇಲೆ ಬೋರಲಾಗಿಯೇ ಇರುತ್ತದೆ. 1970ರ ದಶಕದ ಕೊನೆಯಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಇನ್‌ಕ್ಯುಬೇಟರ್‌ಗಳ ಕೊರತೆಯಿಂದ ಹುಟ್ಟಿದ ಈ ಕ್ರಮ ಈಗ ಜಗತ್ತೆಲ್ಲ ಒಪ್ಪಿದ ಚಿಕಿತ್ಸೆ. ಭಾರತವೂ ಸೇರಿದಂತೆ ಐದು ದೇಶಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಡೆಸಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. 1 ಕಿಲೋದಿಂದ 1.8 ಕಿಲೋವರೆಗಿನ ತೂಕದ ಶಿಶುಗಳನ್ನು ಹುಟ್ಟಿದೊಡನೆಯೇ ಎದೆಗವಚಿ ಆರೈಕೆ ಮಾಡಿದ ಗುಂಪಿನಲ್ಲಿ 28 ದಿನಗಳೊಳಗಿನ ಮರಣ ಶೇ 12ರಷ್ಟಿದ್ದರೆ, ಸ್ಥಿರಗೊಳ್ಳುವವರೆಗೆ ಕಾದ ಗುಂಪಿನಲ್ಲಿ ಅದು ಶೇ 15.7ರಷ್ಟಿತ್ತು. ಕೊಪ್ಪಳ ಜಿಲ್ಲೆ ಈ ಆರೈಕೆಯನ್ನು ಸರ್ಕಾರಿ ವ್ಯವಸ್ಥೆಯಲ್ಲಿ ವ್ಯಾಪಕವಾಗಿ ಜಾರಿಗೆ ತರುವುದು ಹೇಗೆಂಬ ಅಧ್ಯಯನಕ್ಕೆ ಕರ್ನಾಟಕದ ಕ್ಷೇತ್ರವಾಗಿತ್ತು.

ಇಲ್ಲಿ ಬೋರಲು ಏಕೆ ಕೆಡುಕಾಗದು? ಕೂಸು ಸಮತಟ್ಟಾಗಿ ಮಲಗಿರುವುದಿಲ್ಲ, ಹಿಂದಕ್ಕೆ ಒರಗಿ ಕುಳಿತ ತಾಯಿಯ ಎದೆಯ ಮೇಲೆ ಬಹುಮಟ್ಟಿಗೆ ನೆಟ್ಟಗಿರುತ್ತದೆ. ತಲೆ ಒಂದು ಪಕ್ಕಕ್ಕೆ ತಿರುಗಿ, ಕುತ್ತಿಗೆ ತುಸು ಹಿಂದಕ್ಕಿರುತ್ತದೆ. ಕಾಲು ಕಪ್ಪೆಯಂತೆ ಮಡಚಿರುತ್ತವೆ, ಹೊಟ್ಟೆಯ ಮೇಲೆ ಒತ್ತಡವಿರದು. ಎಲ್ಲಕ್ಕಿಂತ ಮಿಗಿಲಾಗಿ ತಾಯಿ ಎಚ್ಚರವಿರುತ್ತಾಳೆ. ಆ ಎಚ್ಚರ ತಪ್ಪಿದರೆ ಲೆಕ್ಕವೂ ತಪ್ಪುತ್ತದೆ. ಹುಟ್ಟಿದ ಮೊದಲ ಎರಡು ತಾಸುಗಳಲ್ಲಿ, ಹೆರಿಗೆಯಿಂದ ಬಳಲಿದ ಚೊಚ್ಚಲ ತಾಯಿ ಒಬ್ಬಳೇ ಇರುವಾಗ, ಎದೆಯ ಮೇಲಿದ್ದ ಆರೋಗ್ಯವಂತ ಕೂಸುಗಳು ಹಠಾತ್ತನೆ ಉಸಿರು ಕಳೆದುಕೊಂಡ ಪ್ರಕರಣಗಳನ್ನು ಸ್ವೀಡನ್ನಿನ ವೈದ್ಯರು 2013ರಲ್ಲಿ ವರದಿ ಮಾಡಿದ್ದಾರೆ. ಕೆಲವು ಪ್ರಕರಣಗಳಲ್ಲಿ ತಾಯಿಯ ಗಮನ ಮೊಬೈಲಿನ ಮೇಲಿತ್ತು. ಬಾಣಂತಿಯ ಪಕ್ಕದಲ್ಲಿ ಹೆಣ್ಣುಮಗಳೊಬ್ಬಳು ಕೂರಲೇಬೇಕೆಂಬ ನಮ್ಮ ಹಿರಿಯರ ಕಟ್ಟುಪಾಡು ಇಲ್ಲಿ ಕೆಲಸಕ್ಕೆ ಬರುತ್ತದೆ, ಕೂತವಳೂ ಮೊಬೈಲು ನೋಡದಿದ್ದರೆ.

ಅಜ್ಜಿಯ ಕಾಲುಗಳ ಮೇಲೆ

ಎರೆಯುವ ಭಂಗಿಯನ್ನು ಟೀಕಿಸುವುದು ಈಗ ನಗರಗಳಲ್ಲಿ ಒಂದು ರೂಢಿಯಾಗಿದೆ. ಉಸಿರಾಟದ ದೃಷ್ಟಿಯಿಂದ ಹೇಳುವುದಾದರೆ ಅಜ್ಜಿಯ ಕಾಲಿನ ಮೇಲಿನ ಬೋರಲಿನಲ್ಲಿ ಅಪಾಯ ಕಡಿಮೆ. ಕೂಸು ಎಚ್ಚರವಿದೆ, ಅಳುತ್ತಿದೆ, ಕೆಲವೇ ನಿಮಿಷ ಆ ಭಂಗಿಯಲ್ಲಿದೆ, ಮುಖ ಎರಡು ಕಾಲುಗಳ ನಡುವಿನ ತೆರಪಿನಲ್ಲಿದೆ, ಅನುಭವಿ ಕೈಯೊಂದು ಅದರ ಬೆನ್ನ ಮೇಲಿದೆ. ಎಚ್ಚರವಿದ್ದಾಗ ದಿನಕ್ಕೆ ಎರಡು ಮೂರು ಬಾರಿ ಕೂಸನ್ನು ಬೋರಲು ಮಾಡಿ ಕುತ್ತಿಗೆ, ಹೆಗಲುಗಳಿಗೆ ಬಲ ಬರುವಂತೆ ಆಡಿಸಿ ಎಂದು ಇಂದಿನ ವೈದ್ಯರು ಹೇಳುವುದಕ್ಕೂ ಇದಕ್ಕೂ ದೂರವಿಲ್ಲ. ತೊಂದರೆ ಇರುವುದು ಮುಖದ ಮೇಲೆ ನೇರವಾಗಿ ಸುರಿಯುವ ನೀರಿನಲ್ಲಿ, ಮೂಗಿಗೆ ಬಾಯಿಂದ ಊದುವುದರಲ್ಲಿ.

ಎರೆದ ಮೇಲಿನ ಹೊಗೆಯನ್ನು ಮಾತ್ರ ಸಮರ್ಥಿಸಲಾಗದು. ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಂಗಾಲದ ಮಾನಾಕ್ಸೈಡನ್ನು ಬಿಡುತ್ತದೆ. ದೃಷ್ಟಿ ತೆಗೆದ ಮೆಣಸಿನಕಾಯಿಯನ್ನು ಕೆಂಡಕ್ಕೆ ಹಾಕಿದರೆ ದೊಡ್ಡವರಿಗೇ ಕೆಮ್ಮು ತಡೆಯದು. ಬ್ಯಾಡಗಿ ಸೀಮೆಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಹಸುಗೂಸು ಬಾಯಿಗಿಂತ ಮೂಗಿನಿಂದಲೇ ಉಸಿರಾಡುವ ಜೀವ. ಆ ಕಿರಿದಾದ ಮೂಗು ಹೊಗೆಗೆ ಸ್ವಲ್ಪ ಬಾತರೂ ಯಾವ ಭಂಗಿಯೂ ನೆರವಿಗೆ ಬಾರದು.

ಬಟ್ಟೆ ಸುತ್ತುವುದರಲ್ಲಿ ಬಿಗಿಯ ಲೆಕ್ಕವಿದೆ. ಎದೆಯ ಸುತ್ತ ಬಿಗಿದು ಸುತ್ತಿದರೆ ಕೂಸು ಸಣ್ಣ ಸಣ್ಣ ಉಸಿರನ್ನು ಹೆಚ್ಚು ಬಾರಿ ಎಳೆಯಬೇಕಾಗುತ್ತದೆ. ಎದೆಗೂ ಬಟ್ಟೆಗೂ ನಡುವೆ ಅಂಗೈ ತೂರುವಷ್ಟು ಸಡಿಲವಿರಬೇಕು, ಸೊಂಟದ ಕೆಳಗೆ ಕಾಲಾಡಿಸಲು ಜಾಗವಿರಬೇಕು. ಸುತ್ತಿದ ಕೂಸು ಬೋರಲಾದರೆ ಕೈ ಊರಿ ತಿರುಗಲು ಆಗದು, ಆದ್ದರಿಂದ ಹೊರಳುವ ಪ್ರಯತ್ನ ಆರಂಭಿಸಿದ ದಿನವೇ ಸುತ್ತುವುದನ್ನು ನಿಲ್ಲಿಸಬೇಕು. ರಾಜ್ಯ ಸರ್ಕಾರ 2007ರಲ್ಲಿ ಬಡ ಬಾಣಂತಿಯರಿಗೆಂದು ಆರಂಭಿಸಿದ ಮಡಿಲು ಕಿಟ್‌ನಲ್ಲಿ ಸೊಳ್ಳೆಪರದೆ, ಸ್ವೆಟರ್, ಟೋಪಿ, ಕಾಲುಚೀಲಗಳಿದ್ದವು. ಚಳಿಗಾಲದ ಮೊದಲ ವಾರಗಳಿಗೆ ಅವು ಬೇಕಾದವೇ. ಮಾರ್ಚ್ ಕಳೆದ ಹಾವೇರಿಯ ಬಿಸಿಲಿನಲ್ಲಿ ಅವೆಲ್ಲವನ್ನೂ ಏರಿಸಿ ಮೇಲೊಂದು ಕೌದಿ ಹೊದಿಸಿದರೆ ಮೈ ಕಾದು ಉಸಿರಾಟ ಏರುಪೇರಾಗುತ್ತದೆ. ಮಲಗಿದ ಕೂಸಿನ ಕುತ್ತಿಗೆಯ ಹಿಂಭಾಗ ಬೆವೆತಿದ್ದರೆ ಒಂದು ಪದರ ತೆಗೆಯುವ ಹೊತ್ತಾಯಿತೆಂದೇ ಅರ್ಥ.

ತಲೆ ದುಂಡಗಾಗಲೆಂದು ಇಡುವ ಸಾಸಿವೆ ದಿಂಬಿನ ಬಗೆಗೂ ಒಂದು ಮಾತು. ಉಬ್ಬಿದ ಹಿಂದಲೆಯ ಕೆಳಗೆ ದಿಂಬು ಬಂದರೆ ಗದ್ದ ಎದೆಯ ಕಡೆ ಇನ್ನಷ್ಟು ಬಾಗುತ್ತದೆ. ತಲೆ ಚಪ್ಪಟೆಯಾಗದಂತೆ ನೋಡಿಕೊಳ್ಳಲು ಪ್ರತಿ ಸಲ ಮಲಗಿಸುವಾಗ ಮುಖವನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗಿಸಿದರೆ ಸಾಕು. ನಾಲ್ಕರಿಂದ ಆರು ತಿಂಗಳ ವೇಳೆಗೆ ಕೂಸು ಎರಡೂ ಕಡೆ ತಾನಾಗಿ ಹೊರಳತೊಡಗಿದ ಮೇಲೆ, ಅಂಗಾತ ಮಲಗಿಸಿದ್ದು ರಾತ್ರಿ ಬೋರಲಾದರೆ ಎದ್ದೆದ್ದು ತಿರುಗಿಸುತ್ತ ಕೂರಬೇಕಾಗಿಲ್ಲ.

ಒಂದು ನಿಮಿಷದ ಎಣಿಕೆ

ಕೂಸನ್ನು ಬೇರೆ ಕೋಣೆಯಲ್ಲಿ ಮಲಗಿಸುವ ಪದ್ಧತಿ ನಮ್ಮಲ್ಲಿಲ್ಲ, ಅದು ಒಳ್ಳೆಯದೇ. ತಾಯಿಯ ಮಗ್ಗುಲಲ್ಲೇ, ಆದರೆ ಪ್ರತ್ಯೇಕ ಗಟ್ಟಿ ಹಾಸಿನ ಮೇಲೆ ಮಲಗಿಸುವುದು ಉತ್ತಮ. ಇಬ್ಬರು ದೊಡ್ಡವರ ನಡುವೆ ಬೇಡ, ಸೋಫಾದ ಮೇಲೆ ಖಂಡಿತ ಬೇಡ, ಮದ್ಯ ಸೇವಿಸಿದವರ, ಧೂಮಪಾನ ಮಾಡುವವರ ಪಕ್ಕ ಬೇಡವೇ ಬೇಡ.

ಭಂಗಿ ಸರಿಯಿದ್ದೂ ಉಸಿರಾಟ ಸರಿಯಿಲ್ಲವೆನಿಸಿದರೆ ತಿಳಿಯುವ ಬಗೆ ಸರಳ. 2011ರಲ್ಲಿ ಜಾರಿಗೆ ಬಂದ ಮನೆ ಆಧಾರಿತ ನವಜಾತ ಶಿಶು ಆರೈಕೆಯಲ್ಲಿ ಆಶಾ ಕಾರ್ಯಕರ್ತೆ ಆಸ್ಪತ್ರೆಯಲ್ಲಿ ಹುಟ್ಟಿದ ಕೂಸಿನ ಮನೆಗೆ 3, 7, 14, 21, 28 ಹಾಗೂ 42ನೆಯ ದಿನ ಭೇಟಿ ಕೊಡುತ್ತಾಳೆ. ಕೂಸು ಶಾಂತವಾಗಿರುವಾಗ ಅಂಗಿ ಎತ್ತಿ, ಹೊಟ್ಟೆಯ ಏರಿಳಿತವನ್ನು ಗಡಿಯಾರ ನೋಡಿ ಪೂರ್ತಿ ಒಂದು ನಿಮಿಷ ಎಣಿಸಲಾಗುತ್ತದೆ. ಅರ್ಧ ನಿಮಿಷ ಎಣಿಸಿ ಇಮ್ಮಡಿ ಮಾಡುವುದು ಸಲ್ಲದು, ಲಯ ತಪ್ಪುವ ಉಸಿರಾಟಕ್ಕೆ ಆ ಲೆಕ್ಕ ಹೊಂದುವುದಿಲ್ಲ. 60 ಅಥವಾ ಅದಕ್ಕಿಂತ ಹೆಚ್ಚಾದರೆ ಇನ್ನೊಮ್ಮೆ ಎಣಿಸಬೇಕು. ಎರಡನೆಯ ಸಲವೂ ಅಷ್ಟೇ ಇದ್ದರೆ ಆಸ್ಪತ್ರೆಗೆ ಹೊರಡಬೇಕು. ಪಕ್ಕೆ ಆಳವಾಗಿ ಒಳಸೆಳೆಯುವುದು, ಪ್ರತಿ ಉಸಿರಿಗೂ ನರಳುವ ಸದ್ದು, ಮೂಗಿನ ಹೊಳ್ಳೆ ಅರಳುವುದು, ತುಟಿ ನಾಲಗೆ ನೀಲಿಗಟ್ಟುವುದು, ಹಾಲು ಬಿಡುವುದು ಇವುಗಳಲ್ಲಿ ಒಂದಿದ್ದರೂ ಎಣಿಸುತ್ತ ಕೂರದೆ 108ಕ್ಕೆ ಕರೆ ಮಾಡಬೇಕು. ಜಿಲ್ಲಾ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳ ವಿಶೇಷ ಆರೈಕೆ ಘಟಕಗಳಿವೆ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾದವರನ್ನು ಮನೆಗೆ ಬಿಡಲು ನಗು-ಮಗು ವಾಹನದ ಉಚಿತ ಸೌಲಭ್ಯವಿದೆ.

ಆಸ್ಪತ್ರೆಯಿಂದ ಮನೆಗೆ ಬರುವ ಆ ದಾರಿಯಲ್ಲಿಯೇ ಮೊದಲ ಪರೀಕ್ಷೆ. ಗಾಳಿ ತಾಕದಿರಲೆಂದು ನಾಲ್ಕು ಸುತ್ತು ಬಟ್ಟೆಯಲ್ಲಿ ಮುಖವನ್ನೂ ಮುಚ್ಚಿ, ಆಟೋದ ಕುಲುಕಾಟಕ್ಕೆ ಬೀಳದಂತೆ ಎದೆಗೊತ್ತಿ ಹಿಡಿದುಕೊಂಡು ಬರುವ ದೃಶ್ಯ ಹಾವೇರಿಯ ಬಸ್ ನಿಲ್ದಾಣದ ಬಳಿ ಯಾವ ದಿನವಾದರೂ ಕಾಣಸಿಗುತ್ತದೆ. ಅಷ್ಟು ಹೊತ್ತೂ ಕೂಸಿನ ಮೂಗು, ಬಾಯಿ ಹಿಡಿದವರ ಕಣ್ಣಿಗೆ ಕಾಣುತ್ತಿರಬೇಕು. ಗಾಳಿಗೆ ಅಡ್ಡವಾಗಿ ಸೆರಗು ಹಿಡಿಯಬಹುದು, ಮುಖದ ಮೇಲೆ ಹೊದಿಸಬಾರದು.